ನಲ್ಲಿ ಪೈಪು ಚರಂಡಿಯೊಳಗಿದೆಯೇ? ನಿಮ್ಮ ಓಣಿಯಲ್ಲೂ ಒಮ್ಮೆ ನೋಡಿ

ಹಳೇ ಊರಿನ ಮನೆ (ಭಾನುವಾರ, ರಾತ್ರಿ 9.40)

ದಾವಣಗೆರೆಯ ಬಂಧುಗಳಿಗೆ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ನಮ್ಮದು ಹಳೇ ಊರಿನ ಕಿರಿದಾದ ಓಣಿ. ಎದುರುಬದುರು ಸೇರಿ ಇಪ್ಪತ್ತೆರಡು ಮನೆಗಳಿವೆ. ನಡುವೆ ಒಂದು ಆಟೋ ನಿಂತರೆ ಸೈಕಲ್ಲಿಗೆ ದಾರಿಯಿಲ್ಲ. ಮೊದಲು ಪಕ್ಕದ ಮನೆಯ ನಾಲ್ಕು ವರ್ಷದ ಮಗು ಮಲಗಿತು, ಮಾರನೆಯ ದಿನ ಅದರ ಅಜ್ಜಿ, ಆಮೇಲೆ ನನ್ನ ಮಗಳು. ಮದುವೆ ಮನೆಯ ಊಟ ಇರಬೇಕು ಎಂದರು ಕೆಲವರು. ಗಾಡಿಯ ಪಾನಿಪೂರಿ ಎಂದರು ಇನ್ನು ಕೆಲವರು. ಆದರೆ ಆ ಅಜ್ಜಿ ಹೊರಗಿನ ಒಂದು ಲೋಟ ಚಹಾವನ್ನೂ ಕುಡಿದವರಲ್ಲ.

ಬುಧವಾರ ಬೆಳಿಗ್ಗೆ ವಾರ್ಡಿನ ಆರೋಗ್ಯ ನಿರೀಕ್ಷಕರು ಬಂದರು. ಏನು ತಿಂದಿರಿ ಎಂದು ಕೇಳುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದೇ ಬೇರೆ. "ನೀರು ಬಿಟ್ಟಿದ್ದು ಯಾವತ್ತು? ಬಿಟ್ಟಾಗ ಮೊದಲು ಯಾರ ಮನೆಗೆ ಬರುತ್ತದೆ, ಕೊನೆಗೆ ಯಾರ ಮನೆಗೆ?" ನೋಟ್‌ಬುಕ್ಕಿನಲ್ಲಿ ಓಣಿಯ ಚಿತ್ರ ಬರೆದುಕೊಂಡರು. ಮನೆಗೊಂದು ಚೌಕ, ಕಾಯಿಲೆ ಬಿದ್ದ ಮನೆಗೆ ಅಡ್ಡಗೆರೆ. ಹನ್ನೊಂದು ಗೆರೆಗಳಲ್ಲಿ ಹತ್ತು ನಾಗರಕಟ್ಟೆಯ ಆಚೆಗೇ ಬಿದ್ದವು. ಅಲ್ಲಿಯವರೆಗೆ ನಾವು ಇಪ್ಪತ್ತೆರಡು ಮನೆಯವರು ಒಂದೇ ನೀರು ಕುಡಿಯುತ್ತಿದ್ದೇವೆ ಎಂದು ನಂಬಿದ್ದೆವು.

ಮತ್ತೆ ನೀರು ಬಿಡುವ ದಿನ ಅವರು ಸಣ್ಣ ಗಾಜಿನ ಕೊಳವೆ ಮತ್ತು ಔಷಧದ ಬಾಟಲಿ ಹಿಡಿದುಕೊಂಡು ಬಂದರು. ಓಣಿಯ ಮೊದಲ ಮನೆಯ ನಲ್ಲಿಯ ನೀರಿಗೆ ಎರಡು ಹನಿ ಹಾಕಿದಾಗ ನಿಂಬೆಹಣ್ಣಿನ ಎಳೆ ಹಳದಿ ಬಣ್ಣ ಬಂತು. ಅಂದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆ. ನಾಗರಕಟ್ಟೆ ದಾಟಿದ ಮೇಲಿನ ಮನೆಯಲ್ಲಿ ಅದೇ ಎರಡು ಹನಿ ಹಾಕಿದರೆ ಬಣ್ಣವೇ ಇಲ್ಲ. ನಲವತ್ತು ಹೆಜ್ಜೆ ದೂರದಲ್ಲಿ ಕ್ಲೋರಿನ್ ಪೂರ್ತಿ ಮುಗಿದುಹೋಗಿತ್ತು. ನಡುವೆ ಎಲ್ಲೋ ಕೊಳೆ ಸೇರಿ ಅದನ್ನು ತಿಂದುಹಾಕಿದೆ ಎಂದರು.

ಪೌರಕಾರ್ಮಿಕರಿಬ್ಬರು ಚರಂಡಿಯ ಮೇಲಿನ ಚಪ್ಪಡಿ ಕಲ್ಲನ್ನು ಹಾರೆ ಹಾಕಿ ಎತ್ತಿದರು. ನಾನು ಹುಟ್ಟಿದಾಗಿನಿಂದ ದಾಟಿ ಓಡಾಡಿದ ಕಲ್ಲು ಅದು. ಕೆಳಗೆ ಕಪ್ಪು ನೀರಿನಲ್ಲಿ ಏಳು ನಲ್ಲಿ ಪೈಪುಗಳು ಜಡೆ ಹೆಣೆದಂತೆ ಮಲಗಿದ್ದವು. ಒಂದರ ಜೋಡಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿದಿದ್ದರು. ಪಟ್ಟಿ ಹಳತಾಗಿ ಸೀಳು ಬಿಟ್ಟಿತ್ತು. ನೀರು ನಿಲ್ಲುವ ಹೊತ್ತು ಹತ್ತಿರವಾಗುತ್ತಿತ್ತು. ನಿರೀಕ್ಷಕರು, "ಈಗ ಯಾರಾದರೂ ಮೋಟಾರ್ ಹಾಕಿ" ಎಂದರು. ಹಾಕಿದರು. ಚರಂಡಿಯಲ್ಲಿ ತೇಲುತ್ತಿದ್ದ ವೀಳ್ಯದೆಲೆಯ ಚೂರೊಂದು ಮೆಲ್ಲಗೆ ಬಂದು ಆ ಸೀಳಿಗೆ ಅಂಟಿಕೊಂಡಿತು. ಮೋಟಾರ್ ನಿಲ್ಲಿಸಿದಾಗ ಬಿಟ್ಟುಕೊಂಡು ಮುಂದಕ್ಕೆ ತೇಲಿತು. ಮತ್ತೆ ಹಾಕಿದರೆ ಇನ್ನೊಂದು ಕಸದ ಚೂರು ಬಂದು ಅಂಟಿತು.

ಆ ಮೋಟಾರ್ ನಮ್ಮ ಮನೆಯದು. ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಬಾರದು ಎಂದು ಗೊತ್ತಿದ್ದೂ, ಎಲ್ಲರೂ ಹಚ್ಚುತ್ತಾರೆ ಎಂದು ಆರು ವರ್ಷದಿಂದ ಹಚ್ಚುತ್ತಿದ್ದೇನೆ. ನೀರು ಮೂರು ನಾಲ್ಕು ದಿನಕ್ಕೊಮ್ಮೆ ಬರುವಾಗ ಸಂಪು ತುಂಬದಿದ್ದರೆ ಗತಿ ಏನು ಎಂಬ ಭಯ. ಚರಂಡಿಯ ನೀರನ್ನು ಎಳೆದು ನನ್ನ ಮಗಳ ಲೋಟಕ್ಕೆ ತುಂಬಿಸಿದವನು ನಾನೇ. ಅಂದಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.

ನಿಮ್ಮ ಓಣಿಗಳಲ್ಲಿ ಹೀಗಿದೆಯೇ? ಪೈಪುಗಳನ್ನು ಚರಂಡಿಯಿಂದ ಹೊರಗೆ ತಂದವರು ಇದ್ದರೆ ಹೇಗೆ ತಂದಿರಿ, ದಯವಿಟ್ಟು ಬರೆಯಿರಿ.

ನಿಟುವಳ್ಳಿ ಓದುಗ (ಭಾನುವಾರ, ರಾತ್ರಿ 10.05)

ಅಣ್ಣ, ಮೊದಲು ಹೇಳಿ, ಮಗಳು ಈಗ ಹೇಗಿದ್ದಾಳೆ?

ಹಳೇ ಊರಿನ ಮನೆ

ಗುಣವಾಗಿದ್ದಾಳೆ. ಶಾಲೆಗೆ ಹೋಗುತ್ತಿದ್ದಾಳೆ. ಪಕ್ಕದ ಮನೆಯ ಅಜ್ಜಿಯನ್ನು ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಡ್ರಿಪ್ ಹಾಕಿದರು, ಈಗ ಮನೆಗೆ ಬಂದಿದ್ದಾರೆ. ಎಲ್ಲರೂ ಉಳಿದರು.

ನಿಟುವಳ್ಳಿ ಓದುಗ

ದೇವರು ದೊಡ್ಡವನು. ಆದರೂ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಪ್ಪನ್ನೆಲ್ಲ ನಿಮ್ಮ ತಲೆಯ ಮೇಲೆಯೇ ಹೊತ್ತುಕೊಳ್ಳುವುದು ಸರಿಯಲ್ಲ. ತುಂಗಭದ್ರೆಯಿಂದ, ಭದ್ರಾ ನಾಲೆಯಿಂದ ನೀರು ತಂದು, ಕುಂದವಾಡ ಕೆರೆಯಲ್ಲೂ ಟಿ.ವಿ. ಸ್ಟೇಷನ್ ಕೆರೆಯಲ್ಲೂ ತುಂಬಿಸಿ, ಶುದ್ಧೀಕರಿಸಿ, ಟ್ಯಾಂಕಿಗೆ ಏರಿಸಿ ಕಳಿಸುತ್ತಾರೆ. ಇಷ್ಟು ದೂರ ಜೋಪಾನವಾಗಿ ಬಂದ ನೀರು ಕೊನೆಯ ಹತ್ತು ಅಡಿಯಲ್ಲಿ ಕೆಡುತ್ತದೆ ಎಂದರೆ ಆ ಹತ್ತು ಅಡಿಯನ್ನು ನೋಡಿಕೊಳ್ಳುವವರೂ ಇರಬೇಕಲ್ಲವೇ? ಜನ ಮಲಗಿದ ಮೇಲೆ ಬರುವ ತಪಾಸಣೆ ತಡವಾದ ತಪಾಸಣೆ.

ನಿವೃತ್ತ ಆರೋಗ್ಯ ನಿರೀಕ್ಷಕ (ಸೋಮವಾರ, ಬೆಳಿಗ್ಗೆ 6.20)

ನಾನು ಇದೇ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು, ಹಲವು ಊರುಗಳ ಪುರಸಭೆ, ನಗರಸಭೆಗಳಲ್ಲಿ. ನಿಮ್ಮ ವಾರ್ಡಿಗೆ ಬಂದ ಆ ನಿರೀಕ್ಷಕರು ಓಣಿಯ ಚಿತ್ರ ಬರೆದುಕೊಂಡರು ಎಂದು ಓದಿ ಮನಸ್ಸು ತುಂಬಿಬಂತು. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠ ಅದು, ಮೊದಲು ಮರೆತುಹೋಗುವ ಪಾಠವೂ ಅದೇ.

ಮರೆಯುವುದಕ್ಕೆ ಕಾರಣವಿದೆ. ಆರೋಗ್ಯ ನಿರೀಕ್ಷಕ ಎಂದರೆ ಜನರ ಕಣ್ಣಿಗೆ ದಂಡದ ರಸೀದಿ ಪುಸ್ತಕ ಹಿಡಿದವನು. ಅವನ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆಲ್ಲ ಪೌರಕಾರ್ಮಿಕರ ಹಾಜರಿ. ಯಾರು ಬಂದಿಲ್ಲ, ಅವರ ಬೀದಿಗೆ ಯಾರನ್ನು ಹಾಕಬೇಕು ಎಂದು ದಫೇದಾರರ ಜೊತೆ ಲೆಕ್ಕ. ಅಷ್ಟರಲ್ಲಿ ಕಸದ ಆಟೋ ಕೆಟ್ಟಿದೆ ಎಂದು ಕರೆ. ಒಂದು ಕಡೆ ದನ ಸತ್ತುಬಿದ್ದಿದೆ, ಇನ್ನೊಂದು ಕಡೆ ಮ್ಯಾನ್‌ಹೋಲ್ ಉಕ್ಕಿದೆ, ಮಾಂಸದ ಅಂಗಡಿಯವರು ತ್ಯಾಜ್ಯವನ್ನು ಖಾಲಿ ನಿವೇಶನಕ್ಕೆ ಸುರಿದಿದ್ದಾರೆ. ಹತ್ತು ಗಂಟೆಯ ಮೇಲೆ ಕಚೇರಿ, ಉದ್ದಿಮೆ ಪರವಾನಗಿಯ ಅರ್ಜಿಗಳು, ಪ್ಲಾಸ್ಟಿಕ್ ದಾಳಿ, ಸಭೆ, ವರದಿ. ಇದರ ನಡುವೆ ನಲ್ಲಿಯ ನೀರಿಗೆ ಎರಡು ಹನಿ ಹಾಕಿ ನೋಡುವ ಐದು ನಿಮಿಷದ ಕೆಲಸ ಹಿಂದಕ್ಕೆ ಸರಿಯುತ್ತದೆ. ಯಾಕೆಂದರೆ ಆ ಕೆಲಸ ಮಾಡದಿದ್ದರೆ ಅಂದು ಯಾರೂ ಕೇಳುವುದಿಲ್ಲ.

ಈಗ ಕ್ಲೋರಿನ್ ವಿಷಯ. ನಲ್ಲಿಯ ತುದಿಯಲ್ಲಿ ಒಂದು ಲೀಟರ್ ನೀರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ಟ್ಯಾಂಕಿನ ಬುಡದಲ್ಲಿ ಅಳೆದು ಸಮಾಧಾನಪಟ್ಟರೆ ಸಾಲದು, ಕಟ್ಟಕಡೆಯ ಮನೆಯಲ್ಲಿ ಅಳೆಯಬೇಕು. ನಾನು ಹೊಸಬರಿಗೆ ಹೇಳುತ್ತಿದ್ದುದು ಇಷ್ಟೇ: ನೀರು ಬಿಡುವ ದಿನ ವಾಲ್ವ್‌ಮನ್ ಹಿಂದೆ ನಡೆಯಿರಿ, ಕೊನೆಯ ನಲ್ಲಿಯವರೆಗೆ ಹೋಗಿ.

ಬ್ಲೀಚಿಂಗ್ ಪುಡಿಯ ಬಗ್ಗೆಯೂ ಒಂದು ಮಾತು. ಎಲ್ಲಾದರೂ ವಾಂತಿಭೇದಿ ಎಂದರೆ ಚರಂಡಿಯ ಅಂಚಿಗೆ ರಂಗೋಲಿ ಎಳೆದಂತೆ ಬಿಳಿ ಪುಡಿ ಉದುರಿಸುವುದನ್ನು ನೋಡಿದ್ದೀರಿ. ನೋಡಿದವರಿಗೆ ಧೈರ್ಯ ಬರುತ್ತದೆ. ಆದರೆ ರಸ್ತೆಗೆ ಬಿದ್ದ ಪುಡಿ ಲೋಟದೊಳಗಿನ ರೋಗಾಣುವನ್ನು ಕೊಲ್ಲುವುದಿಲ್ಲ, ಸೊಳ್ಳೆಯನ್ನೂ ಕೊಲ್ಲುವುದಿಲ್ಲ. ಅದು ಸೇರಬೇಕಾದ ಜಾಗ ಕುಡಿಯುವ ನೀರಿನ ಟ್ಯಾಂಕು, ಸಂಪು, ಬಾವಿ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬೆರೆಸಿ, ಒಂದು ಗಂಟೆ ಕಾದು ಬಳಸಬೇಕು. ಚೀಲದ ಬಾಯಿ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಘಾಟು ವಾಸನೆ ಮೂಗಿಗೆ ಬಡಿಯದ ಪುಡಿಯನ್ನು ನಂಬಬೇಡಿ.

ನಿಟುವಳ್ಳಿಯವರು ತಡವಾದ ತಪಾಸಣೆ ಎಂದರು. ಒಪ್ಪುತ್ತೇನೆ. ನನ್ನ ಸೇವೆಯಲ್ಲೂ ನಾನು ತಡವಾಗಿ ತಲುಪಿದ ಓಣಿಗಳಿವೆ. ಒಂದು ಊರಿನಲ್ಲಿ ನಾನು ಹೋಗಿ ನಿಂತಾಗ ಚಟ್ಟ ಕಟ್ಟುತ್ತಿದ್ದರು. ಇವತ್ತಿಗೂ ಆ ಮನೆಯ ಬಾಗಿಲು ಕಣ್ಣಮುಂದೆ ಬರುತ್ತದೆ.

ಕೋಟೆ ಊರಿನವಳು (ಸೋಮವಾರ, ಬೆಳಿಗ್ಗೆ 8.15)

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮ ಕವಾಡಿಗರಹಟ್ಟಿಯನ್ನು ಮರೆಯಬೇಡಿ. 2023ರ ಆಗಸ್ಟ್ ಮೊದಲ ವಾರ ಅಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಅದು ದೂರದ ಹಳ್ಳಿಯಲ್ಲ, ನಗರದ ವ್ಯಾಪ್ತಿಯೊಳಗಿನ ಜಾಗ. ಆ ವಾರ ನಮ್ಮ ಮನೆಯಲ್ಲೂ ನಲ್ಲಿ ತಿರುಗಿಸಲು ಕೈ ಹಿಂಜರಿಯುತ್ತಿತ್ತು. ಮೂರು ಕಿಲೋಮೀಟರ್ ದೂರದಲ್ಲಿದ್ದ ನಾವೂ ಕುದಿಸಿ ಆರಿಸಿಯೇ ಕುಡಿದೆವು. ನಾಲ್ಕು ತಿಂಗಳಾಗುವಷ್ಟರಲ್ಲಿ ಬಹುತೇಕ ಮನೆಗಳಲ್ಲಿ ಕುದಿಸುವುದು ನಿಂತಿತ್ತು, ನಮ್ಮಲ್ಲೂ.

ಅಣ್ಣ, ನೀವು ನಿಮ್ಮ ಮೋಟಾರಿನ ವಿಷಯವನ್ನು ಮುಚ್ಚಿಡದೆ ಬರೆದಿದ್ದೀರಿ. ಅದಕ್ಕಾಗಿ ಈ ಬರಹವನ್ನು ನಮ್ಮ ಬೀದಿಯ ಎಲ್ಲರಿಗೂ ಕಳಿಸಿದ್ದೇನೆ.

ಮಂಡಕ್ಕಿ ಮಿರ್ಚಿ ಗಾಡಿ (ಸೋಮವಾರ, ಮಧ್ಯಾಹ್ನ 1.30)

ವಾಂತಿಭೇದಿ ಎಂದ ಕೂಡಲೇ ಜನರ ಬೆರಳು ನಮ್ಮ ಗಾಡಿಗಳ ಕಡೆಗೆ ಹೋಗುತ್ತದೆ. ಇಲ್ಲೂ ಮೊದಲು ಅದೇ ಆಯಿತು. ಹದಿನೈದು ವರ್ಷದಿಂದ ಸಂಜೆ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದೇನೆ. ಕರಿದ ಎಣ್ಣೆಯನ್ನು ಮಾರನೆಯ ದಿನಕ್ಕೆ ಉಳಿಸುವುದಿಲ್ಲ. 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದು ಸರ್ಕಾರ ನಿಷೇಧಿಸಿದಾಗ, ನಾನು ಗೋಬಿ ಮಾಡದಿದ್ದರೂ, ಪಕ್ಕದ ಗಾಡಿಯ ಹುಡುಗನಿಗೆ ಕೂರಿಸಿಕೊಂಡು ಹೇಳಿದ್ದೇನೆ. ಮಿರ್ಚಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನೂ ಬಿಟ್ಟಿದ್ದೇನೆ. ಅದರ ಮಸಿ ಬಿಸಿ ಎಣ್ಣೆಗೆ ಬಿಡುತ್ತದೆ.

ಆದರೆ ನೀರು? ತಟ್ಟೆ ತೊಳೆಯಲು ನನ್ನ ಬಳಿ ಎರಡು ಬಕೆಟ್. ಸಂಜೆ ಆರಕ್ಕೆ ತಿಳಿಯಾಗಿದ್ದ ಎರಡನೆಯ ಬಕೆಟ್ ಏಳೂವರೆಗೆ ಕಲಕಿರುತ್ತದೆ. ಬದಲಾಯಿಸಬೇಕೆಂದರೆ ಗಾಡಿ ಬಿಟ್ಟು ಅರ್ಧ ಫರ್ಲಾಂಗ್ ಹೋಗಬೇಕು, ಗಿರಾಕಿ ನಿಂತಿರುತ್ತಾರೆ. ತಪಾಸಣೆಗೆ ಬಂದವರು ಬಕೆಟ್ ನೋಡಿ ಗದರುತ್ತಾರೆ. ಅವರು ಹೇಳುವುದು ಸರಿ. ಆದರೆ ಗಾಡಿಗಳು ಸಾಲಾಗಿ ನಿಲ್ಲುವ ಕಡೆ ಒಂದು ನಲ್ಲಿ, ಕೊಳೆ ನೀರು ಹೋಗಲು ಒಂದು ಮೋರಿ ಮಾಡಿಕೊಟ್ಟು ಆಮೇಲೆ ದಂಡ ಹಾಕಲಿ, ಕೈಮುಗಿದು ಕಟ್ಟುತ್ತೇನೆ. ನಾನು ತಿನ್ನಿಸುವುದು ನಮ್ಮ ಊರಿನ ಮಕ್ಕಳಿಗೇ ಸರ್. ನನ್ನ ಮಕ್ಕಳೂ ಅದೇ ತಟ್ಟೆಯಲ್ಲಿ ತಿನ್ನುತ್ತಾರೆ.

ನಿಟುವಳ್ಳಿ ಓದುಗ

ನಿಮ್ಮ ಮಾತು ನ್ಯಾಯವಾಗಿದೆ. ಹಾಗಾದರೆ ಬೆಣ್ಣೆ ದೋಸೆ ತಿನ್ನಲು ಪರವೂರಿನಿಂದ ಬರುವಷ್ಟು ಹೆಸರಿರುವ ಈ ಊರಿನಲ್ಲಿ ಹೋಟೆಲ್ ಅಡುಗೆಮನೆಗಳನ್ನು ನೋಡುವವರು ಯಾರು? ಪಾಲಿಕೆಯೋ, ಬೇರೆ ಇಲಾಖೆಯೋ? ನನಗೆ ಇದು ಎಂದೂ ಅರ್ಥವಾಗಿಲ್ಲ.

ನಿವೃತ್ತ ಆರೋಗ್ಯ ನಿರೀಕ್ಷಕ

ಬಹಳ ಜನಕ್ಕೆ ಈ ಗೊಂದಲವಿದೆ. ಮೊದಲು 1954ರ ಕಲಬೆರಕೆ ತಡೆ ಕಾಯ್ದೆ ಇತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಜಾರಿಗೆ ಬಂದ ಮೇಲೆ, ತಿನ್ನುವ ಪದಾರ್ಥದ ಮಾದರಿ ತೆಗೆಯುವ ಅಧಿಕಾರ ಆಹಾರ ಸುರಕ್ಷತಾಧಿಕಾರಿಯದು. ಅವರ ಮೇಲೆ ಜಿಲ್ಲೆಯ ಅಂಕಿತ ಅಧಿಕಾರಿ ಇರುತ್ತಾರೆ. ಉದ್ದಿಮೆ ಪರವಾನಗಿ, ಹೋಟೆಲಿನ ಕಸ, ಮೋರಿ, ಸುತ್ತಲಿನ ನೈರ್ಮಲ್ಯ ಇವು ಸ್ಥಳೀಯ ಸಂಸ್ಥೆಯವು. ಆದ್ದರಿಂದ ಸಾಂಬಾರು ಹಳಸಿದ್ದರೆ ಒಂದು ಕಡೆಗೆ, ಆ ಸಾಂಬಾರನ್ನು ಚರಂಡಿಗೆ ಚೆಲ್ಲಿದ್ದರೆ ಇನ್ನೊಂದು ಕಡೆಗೆ ದೂರು ಕೊಡಬೇಕು.

ಮಾದರಿ ತೆಗೆದರೆ ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ ಬಳಿ, ಇನ್ನೊಂದನ್ನು ಮಾಲೀಕ ಕೇಳಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ವಿಶ್ಲೇಷಕರು ಹದಿನಾಲ್ಕು ದಿನದೊಳಗೆ ವರದಿ ಕೊಡಬೇಕು. ನೀವು ಗಿರಾಕಿಯಾಗಿ ಮಾಡಬಹುದಾದದ್ದು, ಅಂಗಡಿಯಲ್ಲಿ ಹದಿನಾಲ್ಕು ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ ತೂಗುಹಾಕಿದ್ದಾರೆಯೇ ನೋಡುವುದು. ಗಾಡಿಯವರೂ ನೋಂದಣಿ ಮಾಡಿಸಬೇಕು.

ಮಿರ್ಚಿ ಗಾಡಿಯ ತಮ್ಮ, ಎರಡರ ಬದಲು ಮೂರು ಬಕೆಟ್ ಇಡಿ. ಒಂದು ಉಜ್ಜುವುದಕ್ಕೆ, ಒಂದು ಅದ್ದುವುದಕ್ಕೆ, ಮೂರನೆಯದಕ್ಕೆ ಕೆಳಗೆ ನಲ್ಲಿ ಇರಲಿ. ಅದರಲ್ಲಿ ಕೈ ಅದ್ದಬೇಡಿ, ನೀರು ಹರಿಯುತ್ತಾ ತೊಳೆಯಲಿ. ಅಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ನಲ್ಲಿ ಕೇಳಿ ನೀವು ಅರ್ಜಿ ಕೊಡುವುದಾದರೆ ನಾನು ಬರೆದುಕೊಡುತ್ತೇನೆ.

ಆಶಾ ಕಾರ್ಯಕರ್ತೆ (ಸೋಮವಾರ, ರಾತ್ರಿ 8.50)

ಮನೆಮನೆ ಭೇಟಿ ಮುಗಿಸಿ ಈಗ ಕುಳಿತೆ. ಚರಂಡಿ ಪೈಪಿನ ವಿಷಯ ಓದಿದ ಮೇಲೆ ನನ್ನ ಬೀದಿಯಲ್ಲೂ ನೋಡಿದೆ, ಮೂರು ಕಡೆ ಇವೆ.

ನೀರು ದಿನ ಬಿಟ್ಟು ದಿನ ಬರುವುದರ ಇನ್ನೊಂದು ಕಷ್ಟ ಡ್ರಮ್ಮಿನಲ್ಲಿದೆ. ಜನ ನೀರು ಕೂಡಿಡುತ್ತಾರೆ, ಕೂಡಿಟ್ಟ ತಿಳಿನೀರಿನಲ್ಲೇ ಡೆಂಗಿಯ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಚರಂಡಿ ನೀರಿನಲ್ಲಲ್ಲ. ಇದನ್ನು ಹೇಳಿದರೆ ಎಷ್ಟೋ ಮನೆಯವರು ನಂಬುವುದಿಲ್ಲ; "ನಮ್ಮ ನೀರು ಶುದ್ಧವಾಗಿದೆ, ಮೊದಲು ಆ ಚರಂಡಿ ನೋಡಮ್ಮ" ಎನ್ನುತ್ತಾರೆ. ನಾನು ಟಾರ್ಚ್ ಬಿಟ್ಟು ತೋರಿಸುತ್ತೇನೆ. ಬೆಳಕು ಬಿದ್ದ ಕೂಡಲೇ ಮೇಲಿದ್ದ ಹುಳುಗಳು ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಆಗ ಮನೆಯ ಯಜಮಾನಿಯ ಮುಖ ಬದಲಾಗುತ್ತದೆ.

ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಎನ್ನುವುದು. ಬರೀ ಚೆಲ್ಲಿದರೆ ಆಗಲಿಲ್ಲ. ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತುಂಬಿದರೆ ಒಡೆಯುತ್ತದೆ. ತೆಂಗಿನ ನಾರು ಹಾಕಿ ಉಜ್ಜಲೇಬೇಕು. ಹೊಗೆ ಹೊಡೆಯುವ ಯಂತ್ರ ಬಂದರೆ ಜನಕ್ಕೆ ಸಂತೋಷ, ಆದರೆ ಅದು ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರೊಳಗಿನ ಹುಳು ನಾಳೆ ಹಾರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡವನ್ನೂ ನಿಗದಿಪಡಿಸಿತು. ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಸ್ಥಳಕ್ಕೆ 1,000, ಕಟ್ಟಡ ಕಟ್ಟುವ ಜಾಗ ಮತ್ತು ಖಾಲಿ ನಿವೇಶನಕ್ಕೆ 2,000. ದಂಡದ ಹೆಸರು ಹೇಳಿದರೆ ಬಾಗಿಲು ತೆರೆಯುತ್ತಾರೆ, ನಿಜ. ಆದರೆ ದಂಡದ ಹೆದರಿಕೆಯಿಂದ ತೆರೆದ ಮನೆಯಲ್ಲಿ ಮುಂದಿನ ವಾರ ಮತ್ತೆ ಹುಳು ನೋಡಿದ್ದೇನೆ. ಟಾರ್ಚ್ ಹಿಡಿದು ತಾವೇ ನೋಡಿದ ಮನೆಗಳಲ್ಲಿ ಬಹುಮಟ್ಟಿಗೆ ಮತ್ತೆ ಕಂಡಿಲ್ಲ.

ಇನ್ನೊಂದು ಮುಖ್ಯ ಮಾತು, ತಾಯಂದಿರಿಗೆ. ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕೊಡಿ, ನಮ್ಮ ಬಳಿ ಪೊಟ್ಟಣ ಸಿಗುತ್ತದೆ. ಪೊಟ್ಟಣ ಇಲ್ಲದ ಹೊತ್ತಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ತಪ್ಪಬಾರದು. ಎದೆಹಾಲು ನಿಲ್ಲಿಸಬೇಡಿ. ಮಗುವಿಗೆ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ ಹದಿನಾಲ್ಕು ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಉಚ್ಚೆ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಪೌರಕಾರ್ಮಿಕರ ಮಗಳು (ಮಂಗಳವಾರ, ಬೆಳಿಗ್ಗೆ 7.00)

ಎಲ್ಲರ ಮಾತನ್ನೂ ಓದಿದೆ. ಚಪ್ಪಡಿ ಎತ್ತಿದ "ಪೌರಕಾರ್ಮಿಕರಿಬ್ಬರ" ಬಗ್ಗೆ ಹೇಳುವವರು ಯಾರೂ ಇಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನ್ನ ತಾಯಿ ಇಪ್ಪತ್ತೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾಳೆ. ನಿನ್ನೆ ರಾತ್ರಿ ಅಣ್ಣನ ಬರಹವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ಇದು ನನಗೆ ಗೊತ್ತಿರಲಿಲ್ಲವೇ? ಯಾವ ಓಣಿಯಲ್ಲಿ ಎಷ್ಟು ಪೈಪು ಇವೆ ಎಂದು ನನ್ನ ಸಲಿಕೆಗೇ ಗೊತ್ತು" ಎಂದಳು.

ಚರಂಡಿಯ ಹೂಳು ತೆಗೆಯುವಾಗ ಪೈಪು ಕಾಣುವುದಿಲ್ಲ. ಮೇಲೆ ಕಪ್ಪು ನೀರು, ಕೆಳಗೆ ಕೆಸರು. ಸಲಿಕೆ ಹಾಕಿ ಎಳೆದಾಗ ಟಕ್ ಎಂದು ಬಡಿಯುತ್ತದೆ. ಹಳೆಯ ಪೈಪಾದರೆ ಅಷ್ಟಕ್ಕೇ ಬಿರುಕು ಬಿಡುತ್ತದೆ. ಮನೆಯವರು ಹೊರಗೆ ಬಂದು ಬಯ್ಯುತ್ತಾರೆ, ಆಮೇಲೆ ಒಂದು ಸೈಕಲ್ ಟ್ಯೂಬು ಸುತ್ತುತ್ತಾರೆ. ಹೀಗಾಗಿ ಪೈಪಿರುವ ಜಾಗದಲ್ಲಿ ಅಮ್ಮ ಸಲಿಕೆಯನ್ನು ಆಳಕ್ಕೆ ಹಾಕುವುದನ್ನೇ ಬಿಟ್ಟಳು. ಅಲ್ಲಿ ಹೂಳು ನಿಂತಿತು, ನೀರು ಕಟ್ಟಿತು, ಪೈಪು ಇನ್ನಷ್ಟು ಮುಳುಗಿತು. ಸ್ವಚ್ಛ ಮಾಡಿದರೆ ಪೈಪು ಒಡೆಯುತ್ತದೆ, ಮಾಡದಿದ್ದರೆ ಕೊಳೆಯಲ್ಲಿ ಮುಳುಗುತ್ತದೆ. ಇಷ್ಟು ವರ್ಷ ಅವಳನ್ನು ಕರೆದು ಎಲ್ಲೆಲ್ಲಿ ಪೈಪಿದೆ ಹೇಳಮ್ಮ ಎಂದು ಒಬ್ಬರಾದರೂ ಕೇಳಿದ್ದರೆ ಆಗಲೇ ಪಟ್ಟಿ ಬರೆಸಬಹುದಿತ್ತು.

ತೆಗೆದ ಹೂಳನ್ನು ದಂಡೆಯ ಮೇಲೆ ಬಿಟ್ಟುಹೋಗುತ್ತಾರೆ ಎಂದು ಬಯ್ಯುವವರಿಗೂ ಹೇಳುತ್ತೇನೆ. ಹಸಿ ಹೂಳು ಕಲ್ಲಿನಷ್ಟು ಭಾರ, ಆಟೋದಲ್ಲಿ ಹಾಕಿದರೆ ದಾರಿಯುದ್ದಕ್ಕೂ ಸೋರುತ್ತದೆ. ಒಂದು ದಿನ ಒಣಗಬೇಕು. ಆ ದಿನ ಅದರ ಮೇಲೆ ನಿಮ್ಮ ಮನೆಯ ಕಸದ ಚೀಲ ಎಸೆಯಬೇಡಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಮಾಡಿ ಬೇರೆಯಾಗಿ ಕೊಡಿ. ಮಕ್ಕಳ ಡೈಪರನ್ನೂ ಪ್ಯಾಡನ್ನೂ ಹಸಿ ಕಸದಲ್ಲಿ ಸೇರಿಸಬೇಡಿ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಬೇರೆ ಮಾಡಿ ಕೊಡಬೇಕು ಎಂದು 2016ರ ನಿಯಮವೇ ಹೇಳಿತ್ತು. ಬೆರೆಸಿ ಕೊಟ್ಟದ್ದನ್ನು ಕೈಯಿಂದ ಬೇರೆ ಮಾಡುವವರು ನನ್ನ ಅಮ್ಮನಂಥವರು. ಅವಳ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಮೂರು ಹೊಲಿಗೆಯ ಗುರುತಿದೆ, ಒಡೆದ ಬಲ್ಬಿನದು.

ಮತ್ತೆ, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬೇಡಿ. ಮನೆಯ ಒಳಚರಂಡಿ ಕಟ್ಟಿಕೊಂಡಿತೆಂದು ಐನೂರು ರೂಪಾಯಿ ತೋರಿಸಿ ಕರೆಯುವವರು ಈಗಲೂ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಒಳಗಿನ ವಿಷಾನಿಲಕ್ಕೆ ಎರಡು ಉಸಿರು ಸಾಕು. ಜೀವ ಹೋದರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮಗೆ ಆ ಹಣ ಬೇಡ. ಯಂತ್ರ ಕರೆಸಿ.

ಹಳೇ ಊರಿನ ಮನೆ (ಮಂಗಳವಾರ, ಬೆಳಿಗ್ಗೆ 7.25)

ತಂಗಿ, ನಿನ್ನ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಓಣಿಯಲ್ಲೂ ಸಲಿಕೆ ತಗುಲಿ ಪೈಪು ಬಿರಿದಾಗ ನಮ್ಮ ತಂದೆ ಒಬ್ಬ ತಾಯಿಯನ್ನು ಬಯ್ದದ್ದು ನೆನಪಿದೆ. ಚಪ್ಪಡಿ ಎತ್ತಿದ ಇಬ್ಬರಿಗೂ ಅಂದು ಒಂದು ಲೋಟ ನೀರನ್ನೂ ಕೊಡಲಿಲ್ಲ. ಇಂದು ಅವರನ್ನು ಹುಡುಕಿಕೊಂಡು ಹೋಗುತ್ತೇನೆ.

ಪ್ರಯೋಗಾಲಯದವನು (ಮಂಗಳವಾರ, ಬೆಳಿಗ್ಗೆ 11.10)

ನೀರು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಕುಡಿಯುವ ನೀರಿನ ನೂರು ಮಿಲಿಲೀಟರಿನಲ್ಲಿ ಇ-ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು ಎಂಬುದು ನಿಯಮ. ಮನೆಯಲ್ಲೇ ಸುಳಿವು ಪಡೆಯಲು ಹೈಡ್ರೋಜನ್ ಸಲ್ಫೈಡ್ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬಿಡಿ, ಕಪ್ಪಾದರೆ ಆ ನೀರನ್ನು ಕುಡಿಯಬೇಡಿ. ನಲ್ಲಿಯ ಬಾಯನ್ನು ಒರೆಸಿ, ಎರಡು ನಿಮಿಷ ನೀರು ಹರಿಯಲು ಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗದಂತೆ ಹಿಡಿಯಬೇಕು. ಸಂಪಿನ ನೀರು ಬೇರೆ, ನಲ್ಲಿಯ ನೀರು ಬೇರೆ, ಎರಡನ್ನೂ ಪರೀಕ್ಷಿಸಿ. ನಲ್ಲಿಯದು ತಿಳಿಯಾಗಿದ್ದು ಸಂಪಿನದು ಕಪ್ಪಾದರೆ ದೋಷ ನಿಮ್ಮ ಸಂಪಿನಲ್ಲಿದೆ.

ನಿಟುವಳ್ಳಿ ಓದುಗ

ಪೈಪು ಬದಲಿಸುವ ಖರ್ಚು ಯಾರದು? ಬಾಡಿಗೆ ಮನೆಯವರು ಏನು ಮಾಡಬೇಕು? ಇದಕ್ಕೆ ಯಾರಾದರೂ ಉತ್ತರಿಸಿ.

ನಿವೃತ್ತ ಆರೋಗ್ಯ ನಿರೀಕ್ಷಕ

ಮುಖ್ಯ ಕೊಳವೆಯಿಂದ ಮನೆಗೆ ಬರುವ ಪೈಪನ್ನು ಸಾಮಾನ್ಯವಾಗಿ ಮನೆಯವರೇ ಪ್ಲಂಬರ್ ಕರೆದು ಹಾಕಿಸಿಕೊಂಡಿರುತ್ತಾರೆ. ರಸ್ತೆ ಅಗೆಯುವ ಖರ್ಚು ಉಳಿಸಲು ಪ್ಲಂಬರ್ ಸುಲಭದ ದಾರಿಯಾಗಿ ಚರಂಡಿಯನ್ನು ಹಿಡಿಯುತ್ತಾನೆ. ನೀರಿನ ಕೊಳವೆಗೂ ಒಳಚರಂಡಿಗೂ 3 ಮೀಟರ್ ಅಂತರವಿರಬೇಕು, ದಾಟುವಲ್ಲಿ ನೀರಿನ ಕೊಳವೆ ಅರ್ಧ ಮೀಟರ್ ಮೇಲಿರಬೇಕು ಎಂದು ಎಂಜಿನಿಯರ್‌ಗಳ ಕೈಪಿಡಿ ಹೇಳುತ್ತದೆ. ಹತ್ತು ಅಡಿಯ ಓಣಿಯಲ್ಲಿ 3 ಮೀಟರ್ ಎಲ್ಲಿಂದ ತರುವುದು? ಕನಿಷ್ಠ ಪಕ್ಷ ಚರಂಡಿಯ ಮೇಲಿನಿಂದ, ಕಬ್ಬಿಣದ ಕವಚದೊಳಗೆ ದಾಟಿಸಿ. ಜೋಡಣೆ ಚರಂಡಿಯ ನೆತ್ತಿಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಒಬ್ಬೊಬ್ಬರೇ ಮಾಡಿಸಿದರೆ ದುಬಾರಿ. ಓಣಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಟ್ಟು ಒಂದೇ ಸಲ ಅಗೆಸಿ.

ಹಳೇ ಊರಿನ ಮನೆ (ಮೂರು ವಾರಗಳ ನಂತರ, ಶನಿವಾರ, ರಾತ್ರಿ 9.15)

ಹಲವರು ಏನಾಯಿತು ಎಂದು ಕೇಳುತ್ತಿದ್ದೀರಿ. ಹೇಳುತ್ತೇನೆ.

ನಾಗರಕಟ್ಟೆಯ ಮೇಲೆ ಮೂರು ಸಲ ಓಣಿಯ ಸಭೆ ಸೇರಿದೆವು. ಮೊದಲ ಸಭೆ ಜಗಳದಲ್ಲೇ ಮುಗಿಯಿತು. ಯಾರ ಪೈಪಿನಿಂದ ಯಾರಿಗೆ ಕಾಯಿಲೆ ಬಂತು ಎಂಬ ಲೆಕ್ಕಕ್ಕೆ ಕೊನೆಯಿರಲಿಲ್ಲ. ಎರಡನೆಯ ಸಭೆಗೆ ಆಶಾ ಅಕ್ಕ ಬಂದರು, ಚಪ್ಪಡಿ ಎತ್ತಿದ ಇಬ್ಬರೂ ಬಂದರು. ಅವರಲ್ಲೊಬ್ಬರು ಕಡ್ಡಿ ಹಿಡಿದು ನೆಲದ ಮೇಲೆ ಓಣಿಯ ಗೆರೆ ಎಳೆದು, ಪೈಪು ಇರುವ ಕಡೆಗೆಲ್ಲ ಬೆಣಚುಕಲ್ಲು ಇಟ್ಟರು. ಹದಿನೇಳು ಕಲ್ಲು. ನಿರೀಕ್ಷಕರು ಅಂದು ಏಳು ಪೈಪು ನೋಡಿದ್ದು ಒಂದೇ ಚಪ್ಪಡಿಯ ಕೆಳಗೆ. ಆಮೇಲೆ ಅಗೆದು ನೋಡಿದಾಗ ಹದಿನೇಳೂ ಆ ಕಲ್ಲು ಇಟ್ಟ ಜಾಗಗಳಲ್ಲೇ ಸಿಕ್ಕವು.

ಒಟ್ಟಿಗೆ ಅರ್ಜಿ ಕೊಟ್ಟೆವು, ಒಂದೇ ಸಲ ಅಗೆಸಿದೆವು. ಮನೆಗೆ ಸರಾಸರಿ 2,300 ರೂಪಾಯಿ ಬಿತ್ತು. ಒಂಟಿಯಾಗಿರುವ ಒಬ್ಬ ಹಿರಿಯರ ಪಾಲನ್ನು ನಾವು ನಾಲ್ಕು ಮನೆಯವರು ಹಂಚಿಕೊಂಡೆವು. ಹದಿನಾಲ್ಕು ಪೈಪು ಚರಂಡಿಯಿಂದ ಹೊರಗೆ ಬಂದಿವೆ. ಮೂರು ಉಳಿದಿವೆ. ಎರಡು ಮನೆಗಳ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ. ಅಲ್ಲಿ ಬಾಡಿಗೆಗಿರುವವರಿಗೆ ಸದ್ಯಕ್ಕೆ ನಮ್ಮ ಮನೆಯ ನಲ್ಲಿಯಿಂದ ಕುಡಿಯುವ ನೀರು ಹೋಗುತ್ತಿದೆ. ಮೂರನೆಯವರು ತಮ್ಮ ಪೈಪು ಗಟ್ಟಿಯಾಗಿದೆ ಎಂದು ಒಪ್ಪುತ್ತಿಲ್ಲ. ಅವರ ಮನೆಗೆ ನಾಳೆ ನಿವೃತ್ತ ನಿರೀಕ್ಷಕರೇ ಬರುತ್ತೇನೆ ಎಂದಿದ್ದಾರೆ.

ನಲ್ಲಿಗೆ ಹಚ್ಚಿದ್ದ ಮೋಟಾರ್ ತೆಗೆದಿದ್ದೇನೆ. ಈಗ ನೀರು ತಾನಾಗಿ ಸಂಪಿಗೆ ಇಳಿಯುತ್ತದೆ, ಸಂಪಿನಿಂದ ಮೇಲಕ್ಕೆ ಮಾತ್ರ ಮೋಟಾರ್. ಸಂಪು ಪೂರ್ತಿ ತುಂಬುವುದಿಲ್ಲ, ಮುಕ್ಕಾಲು ತುಂಬುತ್ತದೆ. ಬಟ್ಟೆ ಒಗೆಯುವ ದಿನವನ್ನು ಬದಲಿಸಿಕೊಂಡಿದ್ದೇವೆ. ಇನ್ನೂ ಆರು ಮನೆಗಳಲ್ಲಿ ಮೋಟಾರ್ ಹಾಗೆಯೇ ಇದೆ.

ಹನಿ ಹಾಕುವ ಬಾಟಲಿಯನ್ನೂ ಗಾಜಿನ ಕೊಳವೆಯನ್ನೂ ನಿರೀಕ್ಷಕರು ನಮ್ಮ ಓಣಿಗೆ ಕೊಟ್ಟು, ಹಾಕುವ ಕ್ರಮ ಕಲಿಸಿದ್ದಾರೆ. ನೀರು ಬಿಡುವ ದಿನ ಮಗಳು ಮತ್ತು ಪಕ್ಕದ ಮನೆಯ ಹುಡುಗ, ಜೊತೆಗೆ ದೊಡ್ಡವರೊಬ್ಬರು, ಮೊದಲ ಮನೆ, ನಾಗರಕಟ್ಟೆಯ ಮನೆ, ಕೊನೆಯ ಮನೆ ಮೂರರಲ್ಲೂ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಕಳೆದ ನಾಲ್ಕು ಸಲವೂ ಕೊನೆಯ ಮನೆಯಲ್ಲಿ ಹಳದಿ ಬಂದಿದೆ. ಒಂದು ಸಲ ಬಹಳ ತೆಳುವಾಗಿತ್ತು, ಕೂಡಲೇ ವಾಲ್ವ್‌ಮನ್‌ಗೆ ಫೋನ್ ಮಾಡಿದೆವು.

ನಾಳೆ ಬೆಳಿಗ್ಗೆ ಐದಕ್ಕೆ ನೀರು ಬಿಡುತ್ತಾರೆ. ಮಗಳು ಗಾಜಿನ ಕೊಳವೆ ತೊಳೆದು ಕಿಟಕಿಯಲ್ಲಿಟ್ಟಿದ್ದಾಳೆ.